ಶಾಕವ್ರತದಲ್ಲಿ ಕಾಯಿಬಿಟ್ಟ ಹೀರೇಬಳ್ಳಿ

ಹೊಸಪೇಟೆ
೭ ಆಗಸ್ಟ್ ೨೦೦೬, ಸೋಮವಾರ

ಚಿ. ಸೌ. ನೀರಜಾಳಿಗೆ ವೆಂಕೋಬನ ಮನಸಾರೆ ಆಶೀರ್ವಾದಗಳು.

ನೀನು ಹೇಗಿದ್ದೀ? ಧಾರವಾಡದ ಜಿಟಿಜಿಟಿ ಮಳೆಗೆ ನೆಗಡಿ ಹಿಡಿದಿದೆ ಎಂದು ಅರ್ಚಿತಾ ಹೇಳಿದ್ದಳು, ಇಳಿಯಿತೇ? ಮೆಣಸಿನ ಕಷಾಯ ಮಾಡಿಕೊಂಡು ಕುಡಿ. ಬೇರೆಯವರಿಗೆ ಕಷಾಯ ಮಾಡಿಕೊಡುವುದನ್ನು ನೋಡಿದ್ದೇನೆಯೇ ಹೊರತು ನೀನು ಕುಡಿದದ್ದನ್ನು ನೋಡಿಲ್ಲ. ಅರ್ಚಿತಾಳ ಕೂಸಿಗೆ ನಾಡಿದ್ದಿಗೆ ಮೂರೂವರೆ ತಿಂಗಳು. ಮಗ್ಗುಲು ಹೊರಳುತ್ತದೆಯೇ? ನಿದ್ದೆ ಮಾಡುತ್ತದೆಯೇ, ನಿಮ್ಮಿಬ್ಬರಿಗೂ ಮಾಡಗೊಡುತ್ತದೆಯೇ? ಮೂಗು ಯಾರದೆಂದು ಕೇಳಿದಾಗಲೆಲ್ಲ ನೀನು ‘ಬೆಳದ ಮ್ಯಾಲ ತಿಳೀತದ ತಗೋರಿ’ ಎಂದು ಹಾರಿಸುತ್ತೀ. ಬೀಗರ ಎದುರು ಮಾತು ಬೆಳೆಸಬಾರದೆಂಬ ಜಾಣತನ ಎಂದುಕೊಂಡಿದ್ದೆ. ಅದರ ವಿಷಯ ಆಮೇಲೆ ಬರೆಯುತ್ತೇನೆ. ನಾನು ಚೆನ್ನಾಗಿದ್ದೇನೆ. ಈ ಮಾತನ್ನು ಮೂರು ವರ್ಷದಿಂದ ನೂರು ಸಲ ಹೇಳಿದ್ದೇನೆ, ನೀನು ಒಂದು ಸಲವೂ ನಂಬಿಲ್ಲ. ನಂಬದೆ ಇದ್ದದ್ದೇ ಸರಿ. ಈ ಸಲ ನಂಬಬಹುದು. ಯಾಕೆ ನಂಬಬಹುದು ಎಂದು ಹೇಳುವುದಕ್ಕೇ ಇಷ್ಟು ಉದ್ದದ ಪತ್ರ.

ಫೋನಿರುವಾಗ ಪತ್ರ ಯಾಕೆ ಎಂದು ಕೇಳುತ್ತೀ. ಫೋನಿನಲ್ಲಿ ನೀನು ‘ಊಟ ಆತೇನ್ರಿ’ ಎನ್ನುತ್ತೀ, ನಾನು ‘ಆತು’ ಎನ್ನುತ್ತೇನೆ. ನೀನು ‘ಗುಳಿಗಿ ತಗೊಂಡ್ರೇನು’ ಎನ್ನುತ್ತೀ, ನಾನು ‘ತಗೊಂಡೆ’ ಎನ್ನುತ್ತೇನೆ. ಅಷ್ಟರಲ್ಲಿ ಕೂಸು ಅಳುತ್ತದೆ, ಮಾತು ಮುಗಿಯುತ್ತದೆ. ನಾಲ್ಕು ತಿಂಗಳಲ್ಲಿ ನಾವು ಆಡಿದ್ದೆಲ್ಲ ಇಷ್ಟೇ. ನಿನಗೆ ಈಗ ಅಕ್ಷರ ಕಲಸಿಕೊಂಡು ಕಾಣುತ್ತವೆ, ಈ ಪತ್ರ ಓದಿ ಹೇಳುವವಳು ಅರ್ಚಿತಾ ಎಂಬುದೂ ನನಗೆ ಗೊತ್ತು. ಆದ್ದರಿಂದ, ಅರ್ಚಿತಾ, ನಿನಗೆ ಎರಡು ಮಾತು. ನಡುನಡುವೆ ನಿಲ್ಲಿಸಿ ನಗುವುದು, ನಿನ್ನ ಟೀಕೆ ಸೇರಿಸುವುದು, ಅಮ್ಮನಿಗೆ ಬೇಜಾರಾದೀತೆಂದು ಸಾಲು ಹಾರಿಸುವುದು ಕೂಡದು. ಎರಡನೆಯದು, ಕೊನೆಯಲ್ಲಿ ‘ತಾ.ಕ.’ ಎಂದು ಬರೆದು ದಪ್ಪ ಅಕ್ಷರದಲ್ಲಿ ಕೆಲವು ಸಾಲು ಬರೆದಿರುತ್ತೇನೆ. ಅದನ್ನು ನೀನು ಓದಬಾರದು. ಕಾಗದವನ್ನು ಅಮ್ಮನ ಕೈಗೆ ಕೊಟ್ಟು ಕೂಸಿನ ಹತ್ತಿರ ಹೋಗು.

ಮೊದಲು ನಾನು ಹೇಳಿದ ಸುಳ್ಳು ಒಪ್ಪಿಕೊಳ್ಳುತ್ತೇನೆ. ರಾಮನವಮಿ ಮುಗಿಸಿ ನೀನು ಹೋದ ಮೇಲೆ ಒಂದು ತಿಂಗಳು ನಾನು ಸರಿಯಾಗಿ ಉಣ್ಣಲಿಲ್ಲ. ಮಠದ ಓಣಿಯಿಂದ ನೀನು ಗೊತ್ತುಮಾಡಿ ಹೋದ ಊಟದ ಡಬ್ಬಿ ಹನ್ನೊಂದಕ್ಕೆ ಬರುತ್ತಿತ್ತು, ಎರಡು ತುತ್ತು ತಿಂದು ಉಳಿದದ್ದನ್ನು ಗೇಟಿನ ಹತ್ತಿರ ಬರುವ ಆಕಳಿಗೆ ಹಾಕುತ್ತಿದ್ದೆ. ಆ ತಿಂಗಳಲ್ಲಿ ಆಕಳು ಮೈಕೈ ತುಂಬಿಕೊಂಡಿತು. ನಾನು ಹಿಂದಿನ ಪಡಸಾಲೆಯ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದೆ. ನೀನಿದ್ದಾಗಲಾದರೂ ಆಗಾಗ ಬಂದು ‘ಏಳ್ರಿ, ಒಂದೀಟು ಅಡ್ಡಾಡಿ ಬರ್ರಿ’ ಎನ್ನುತ್ತಿದ್ದೆ. ಈಗ ಏಳು ಎನ್ನುವವರೂ ಇರಲಿಲ್ಲ. ಮೂವತ್ತೆರಡು ವರ್ಷ ಬೆಳಗಿನ ಆರು ಗಂಟೆಗೆ ಕಾಲುವೆಯ ಗೇಜು ನೋಡಿ, ನೀರು ಎಷ್ಟಿದೆ ಎಂದು ಡ್ಯಾಮಿನ ಆಫೀಸಿಗೆ ಫೋನು ಮಾಡಿದವನು ನಾನು. ರಿಟೈರಾದ ಮೇಲೂ ಆರು ಗಂಟೆ ದಿನಾ ಬರುತ್ತಿತ್ತು, ನೋಡುವುದಕ್ಕೆ ಗೇಜು ಇರಲಿಲ್ಲ. ನನ್ನ ಮನಸ್ಸಿನ ಕಾಯಿಲೆ ಶುರುವಾದದ್ದು ಅಲ್ಲಿಂದಲೇ ಎಂದು ಬಳ್ಳಾರಿಯ ಡಾಕ್ಟರು ಹೇಳಿದಾಗ ನನಗೆ ಸಿಟ್ಟು ಬಂದಿತ್ತು, ನೆನಪಿದೆಯೇ? ಅವರು ಹೇಳಿದ್ದು ಸರಿಯಾಗಿತ್ತು. ಮಗಳ ಚೊಚ್ಚಲ ಬಾಣಂತನ ತವರುಮನೆಯಲ್ಲಿ ಆಗಬೇಕಿತ್ತು. ಇಂಥ ಮನುಷ್ಯನಿರುವ ಮನೆಗೆ ಬಾಣಂತಿಯನ್ನು ಹೇಗೆ ಕರೆತರುವುದೆಂದು ನೀನೇ ಧಾರವಾಡಕ್ಕೆ ಹೊರಟೆ. ಕಾರಣವನ್ನು ನೀನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ನನಗೆ ಗೊತ್ತಿತ್ತು, ಅದಕ್ಕೆ ನಾಚಿಕೆಯೂ ಆಗಿತ್ತು.

ಈಗ ಹಂಪಕ್ಕನ ಸುದ್ದಿ. ಗಾದಿಗನೂರಿನಿಂದ ಬುಟ್ಟಿ ಹೊತ್ತು ಸೊಪ್ಪು ಮಾರಲು ಬರುತ್ತಾಳಲ್ಲ, ಅವಳೇ. ಮೇ ತಿಂಗಳ ಒಂದು ಬೆಳಿಗ್ಗೆ ಅವಳ ಮೇಲೆ ಹರಿಹಾಯ್ದೆ. ಒಂದು ಕಟ್ಟು ರಾಜಗಿರಿ ಕೊಟ್ಟಳು, ಹಿಡಿದರೆ ಅಂಗೈ ಕೆಂಪಗಾಯಿತು. ಸಂಡೂರಿನ ಕಡೆಯಿಂದ ಬರುವ ಅದಿರಿನ ಲಾರಿಗಳ ಧೂಳು ಸೊಪ್ಪಿನ ಎಲೆ ಎಲೆಗೂ ಕೂತಿತ್ತು. ಇದನ್ನು ತೊಳೆದರೆ ಪಾತ್ರೆಯಲ್ಲಿ ಸೊಪ್ಪಿಗಿಂತ ಕಬ್ಬಿಣ ಜಾಸ್ತಿ ಉಳಿದೀತು, ಇಂಥದ್ದನ್ನು ಮಾರಲು ನಿನಗೆ ನಾಚಿಕೆಯಿಲ್ಲವೇ ಎಂದು ಏನೇನೋ ಅಂದೆ. ಅವಳು ಸುಮ್ಮನಿರುವವಳೇ? ಸೊಂಟದ ಮೇಲೆ ಕೈಯಿಟ್ಟು, ‘ಅಷ್ಟ್ ಚೊಕ್ಕ ಬೇಕಂದ್ರ ನೀವ ಬೆಳ್ಕೊಳ್ರಿ ರಾಯರ. ಹಿತ್ತಲ ಐತಿ, ನೀರ ಐತಿ, ಮ್ಯಾಲ ಪಿಂಚಣಿ ಐತಿ. ಇನ್ನೇನ್ ಬೇಕ್ರಿ ನಿಮಗ?’ ಎಂದು ಬುಟ್ಟಿ ಎತ್ತಿಕೊಂಡು ಹೋದಳು. ನನಗೆ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ಬಂದ ಸಿಟ್ಟು ಅದು. ಅದೇ ಸಿಟ್ಟಿನಲ್ಲಿ ಹಿತ್ತಲಿಗೆ ಹೋಗಿ, ನೀನು ಪಾತ್ರೆ ತಿಕ್ಕುವ ಕಲ್ಲಿನ ಆಚೆಯ ಜಾಗದಲ್ಲಿ ಸಲಿಕೆ ಹಾಕಿ ನಾಲ್ಕು ಏಟು ಅಗೆದೆ. ಐದನೆಯ ಏಟಿಗೆ ಏದುಸಿರು ಬಂತು, ಅಲ್ಲೇ ಕಲ್ಲಿನ ಮೇಲೆ ಕೂತೆ. ಮರುದಿನ ಇನ್ನಷ್ಟು ಅಗೆದೆ.

ಎರಡು ದಿನ ಹಂಪಕ್ಕ ನಮ್ಮ ಮನೆ ಮುಂದೆ ಬರಲಿಲ್ಲ. ಮೂರನೆಯ ದಿನ ಬಂದಳು, ಸೆರಗಿನ ತುದಿ ಬಿಚ್ಚಿ ಬೂದಿ ಕಲಸಿದ ಬೀಜ ಕೈಗೆ ಸುರಿದಳು. ಬೆಂಡೆ, ಹೀರೆ, ಚವಳಿ, ಒಂದು ಹಿಡಿ ಮೆಂತ್ಯ. ‘ನಮ್ಮತ್ತಿ ಕಾಲದಿಂದ ಬಂದ ಬೀಜ ಅದಾವ್ರಿ. ಹೊಲ ಹೋತು, ಬೀಜ ಉಳದಾವ. ಹಾಕಿ ನೋಡ್ರಿ’ ಎಂದಳು. ಹೊಲ ಹೇಗೆ ಹೋಯಿತು ಎಂದು ಕೇಳಿದೆ. ಇಷ್ಟು ವರ್ಷ ಅವಳ ಹತ್ತಿರ ಸೊಪ್ಪು ಕೊಂಡಿದ್ದೇವೆ, ಇದನ್ನು ಕೇಳಿರಲಿಲ್ಲ. ಅವಳ ಮೈದುನಂದಿರು ಸೇರಿ ಆ ಎರಡು ಎಕರೆಯನ್ನು ಅದಿರು ತೆಗೆಯುವವರಿಗೆ ಕೊಟ್ಟರಂತೆ. ಮೇಲಿನ ಮಣ್ಣೆಲ್ಲ ಎದ್ದು ಹೋಗಿ ಈಗ ಅಲ್ಲಿ ಆಳೆತ್ತರದ ಗುಂಡಿಗಳಿವೆಯಂತೆ. ಅವಳು ಮಾರುವ ಸೊಪ್ಪು ಅವಳು ಬೆಳೆದದ್ದಲ್ಲ, ಬೆಳಗಿನ ಜಾವ ಮಾರ್ಕೆಟ್ಟಿನಲ್ಲಿ ಕೊಂಡದ್ದು. ಧೂಳು ಕೂತ ಸೊಪ್ಪಿಗಾಗಿ ನಾನು ಯಾರನ್ನು ಬೈದೆ ನೋಡು. ನನಗೆ ಬಹಳ ಕೆಟ್ಟೆನಿಸಿತು, ಹಾಗೆಂದು ಅವಳಿಗೆ ಹೇಳಿದೆ. ‘ಬಿಡ್ರಿ ರಾಯರ, ನೀವ್ ಬೈದಿದ್ದಕ್ಕ ಬೀಜ ಹೊರಗ ಬಂತು’ ಎಂದಳು.

ಬೀಜ ಬಂದರೆ ಸಾಕೇ, ಮುಹೂರ್ತ ಬೇಡವೇ? ನೀನು ಈಗಲೇ ನಗುತ್ತಿರುವೆ ಎಂದು ಗೊತ್ತು. ಪಂಚಾಂಗ ತೆಗೆದೆ. ವೈಶಾಖ ಬಹುಳ ಪಂಚಮಿ, ಗುರುವಾರ, ಉತ್ತರಾಷಾಢ ನಕ್ಷತ್ರ. ಬಿತ್ತನೆಗೆ ಪ್ರಶಸ್ತ ದಿನ. ಸ್ನಾನ ಮಾಡಿ, ಮಡಿಯಲ್ಲಿ, ರಾಹುಕಾಲ ತಪ್ಪಿಸಿ ಬೀಜ ಊರಿದೆ. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಕಾಲುವೆ ಆಫೀಸಿನವನ ಕೈ ಎಲ್ಲಿಗೆ ಹೋಗುತ್ತದೆ? ಬೆಳಿಗ್ಗೆ ಸಂಜೆ ಎರಡೆರಡು ಕೊಡ ನೀರು ಬಿಟ್ಟೆ. ಮೆಂತ್ಯದ ಪಾತಿ ಪೂರಾ ಕೊಳೆತು ಹೋಯಿತು. ಹಂಪಕ್ಕ ಬಂದು ನೋಡಿ ಹಣೆ ಹಣೆ ಚಚ್ಚಿಕೊಂಡಳು. ‘ಇದು ಕಾಲುವಿ ಅಲ್ರಿ ರಾಯರ, ಕೂಸು. ಗುಟುಕ ಗುಟುಕ ಹಾಕ್ರಿ.’ ಜೀವಮಾನವೆಲ್ಲ ಊರೂರಿನ ಹೊಲಗಳಿಗೆ ನೀರು ಬಿಟ್ಟೆ, ಒಂದು ಗಿಡ ಎಷ್ಟು ನೀರು ಕುಡಿಯುತ್ತದೆ ಎಂಬುದು ಅರವತ್ತೊಂದನೆಯ ವರ್ಷದಲ್ಲಿ ಸೊಪ್ಪು ಮಾರುವವಳಿಂದ ತಿಳಿಯಿತು. ಆಮೇಲೆ ಚೊಂಬಿನಲ್ಲಿ ಹಾಕತೊಡಗಿದೆ.

ಆರನೆಯ ದಿನ ಬೆಂಡೆ ಮೊಳೆಯಿತು. ಎರಡು ಎಲೆ, ನೆತ್ತಿಯ ಮೇಲೆ ಇನ್ನೂ ಬೀಜದ ಟೋಪಿ. ನೀರಜಾ, ನಾನು ಅದನ್ನು ನೋಡುತ್ತ ಎಷ್ಟು ಹೊತ್ತು ಕುಕ್ಕರಗಾಲಿನಲ್ಲಿ ಕೂತಿದ್ದೆನೋ ತಿಳಿಯದು, ಎದ್ದಾಗ ಕಾಲು ಜೋಮು ಹಿಡಿದಿತ್ತು. ಮರುದಿನ ಐದೂವರೆಗೆ ತಾನಾಗಿ ಎಚ್ಚರವಾಯಿತು. ಆರು ಗಂಟೆಗೆ ನೋಡಲು ಒಂದು ಗೇಜು ಸಿಕ್ಕಿತ್ತು. ಹೀರೇಬಳ್ಳಿ ನಿನ್ನೆ ಇಲ್ಲಿತ್ತು, ಇವತ್ತು ಇಲ್ಲಿಗೆ ಬಂತು ಎಂದು ಕಡ್ಡಿ ನೆಟ್ಟು ಗುರುತು ಮಾಡುತ್ತಿದ್ದೆ. ಒದ್ದೆ ಬಟ್ಟೆಯಿಂದ ಎಲೆಗಳ ಕೆಂಪು ಧೂಳು ಒರೆಸುತ್ತಿದ್ದೆ, ದಿನಾ ಒಂದೂವರೆ ತಾಸು. ಒರೆಸಿ ಮುಗಿಸುವಷ್ಟರಲ್ಲಿ ಮೊದಲನೆಯ ಗಿಡದ ಮೇಲೆ ಮತ್ತೆ ಕೂತಿರುತ್ತಿತ್ತು. ವಿಚಿತ್ರವೆಂದರೆ ಅದರಿಂದ ಬೇಸರವಾಗುತ್ತಿರಲಿಲ್ಲ. ನಾಳೆಯೂ ಕೆಲಸವಿದೆ ಎನ್ನುವುದೇ ಸಮಾಧಾನ. ಒಂದು ಮಧ್ಯಾಹ್ನ ಹಿತ್ತಲಿನಿಂದ ಕೈಕಾಲು ತೊಳೆದು ಬಂದು ಡಬ್ಬಿ ಬಿಚ್ಚಿದೆ, ಉಂಡೆ, ಮೇಲಿನ ಬಟ್ಟಲು ಕೆಳಗಿನ ಬಟ್ಟಲು ಎಲ್ಲ ಖಾಲಿ. ಗೇಟಿನ ಹತ್ತಿರ ಆಕಳು ಬಹಳ ಹೊತ್ತು ಕಾದು ನಿಂತು ಹೋಯಿತು. ಆ ರಾತ್ರಿ ನಿದ್ದೆ ಬಂತು. ಜೂನ್ ಕೊನೆಗೆ ನಾನೊಬ್ಬನೇ ಬಸ್ಸು ಹತ್ತಿ ಬಳ್ಳಾರಿಗೆ ಹೋಗಿ ಡಾಕ್ಟರನ್ನು ಕಂಡೆ. ಅವರು ತೂಕ ನೋಡಿ, ಮುಖ ನೋಡಿ, ಏನು ಮಾಡುತ್ತಿದ್ದೀರಿ ಎಂದರು. ಬೆಂಡೆಕಾಯಿ ಎಂದೆ. ಗುಳಿಗೆ ನಿಲ್ಲಿಸುವುದು ಬೇಡ, ಅರ್ಧ ಮಾಡೋಣ, ಬೆಂಡೆಕಾಯಿಯನ್ನೂ ನಿಲ್ಲಿಸಬೇಡಿ ಎಂದರು. ಗುಳಿಗೆ ಅರ್ಧವಾದದ್ದನ್ನು ನಿನಗೆ ಆಗಲೇ ಹೇಳಲಿಲ್ಲ. ಅರ್ಧ ಸುಳ್ಳು ಎಂದುಕೊಂಡೀಯೆಂದು ಹೆದರಿಕೆ. ಚೀಟಿಯ ಝೆರಾಕ್ಸ್ ಇದರ ಜೊತೆಗಿದೆ, ಅಳಿಯಂದಿರಿಗೆ ತೋರಿಸು.

ಈಗ ನನ್ನ ಘನಂದಾರಿ ತಪ್ಪು. ಆಷಾಢ ಏಕಾದಶಿಯ ದಿನ ಮಠಕ್ಕೆ ಹೋಗಿ ತೋಳಿಗೆ ಕಾಯಿಸಿದ ಮುದ್ರೆ ಹಾಕಿಸಿಕೊಂಡು, ಉರಿಯುವ ತೋಳು ಊದಿಕೊಳ್ಳುತ್ತ ಹಿತ್ತಲಿಗೆ ಬಂದೆ. ಏಳು ಬೆಂಡೆಕಾಯಿ, ಎಳೆಯವು, ಮುರಿದರೆ ಚಟ್ಟೆನ್ನುವಂಥವು. ಗೋಡೆಯ ಮೇಲೆ ಗೇಣುದ್ದ ಹೀರೇಕಾಯಿ. ನಾಳೆ ದ್ವಾದಶಿಯ ಪಾರಣೆಗೆ ನಮ್ಮ ಹಿತ್ತಲಿನದೇ ಪಲ್ಯ ಎಂದು ಕೈ ಹಚ್ಚಿದವನು ಹಾಗೇ ನಿಂತೆ. ನಾಳೆಯಿಂದ ಶಾಕವ್ರತ. ಒಂದು ತಿಂಗಳು ಕಾಯಿಯಿಲ್ಲ, ಸೊಪ್ಪಿಲ್ಲ, ಹುಣಸೆಹಣ್ಣು ಮೆಣಸಿನಕಾಯಿ ಕೂಡ ಇಲ್ಲ. ನಮ್ಮಪ್ಪನ ಕಾಲದಿಂದ ಒಂದು ವರ್ಷವೂ ತಪ್ಪಿಸಿಲ್ಲ. ದಿನಾ ಬೆಳಿಗ್ಗೆ ಓಣಿಗೆಲ್ಲ ಕೇಳುವಂತೆ ಪಂಚಾಂಗ ಓದುವ ನಾನು, ನಕ್ಷತ್ರ ನೋಡಿ ಬೀಜ ಹಾಕಿದ ನಾನು, ಐವತ್ತು ದಿನ ಮುಂದೆ ಎಣಿಸಿ ನೋಡಿರಲಿಲ್ಲ. ಬೆಂಡೆ ಐವತ್ತು ದಿನಕ್ಕೆ ಬರುತ್ತದೆ ಎಂದು ಹಂಪಕ್ಕ ಹೇಳಿದ್ದಳು. ಆಷಾಢದಲ್ಲಿ ಶಾಕವ್ರತ ಬರುತ್ತದೆ ಎಂಬುದು ಹುಟ್ಟಿದಾಗಿನಿಂದ ಗೊತ್ತು. ಎರಡನ್ನೂ ಕೂಡಿಸುವುದಷ್ಟೇ ಬಾಕಿಯಿತ್ತು.

ನೀನು ಇಲ್ಲಿ ನಗಬಹುದು. ನನಗೆ ಅವತ್ತು ನಗು ಬರಲಿಲ್ಲ. ನಾನು ಮುಟ್ಟಿದ್ದೆಲ್ಲ ಹೀಗೇ ಎನಿಸಿತು. ಹೋಗಿ ಅದೇ ಪಡಸಾಲೆಯ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತೆ. ಕೂತ ಮೇಲೆ ಎದೆಯಲ್ಲಿ ಆ ಹಳೆಯ ಭಾರ ಮೆಲ್ಲಗೆ ಇಳಿಯುವುದು ತಿಳಿಯುತ್ತಿತ್ತು, ಏಳಬೇಕೆಂದರೂ ಏಳಲಾಗಲಿಲ್ಲ. ಮತ್ತೆ ಬಂತು, ಇನ್ನು ಇದು ಹೋಗುವುದಿಲ್ಲ, ನೀರಜಾ ಕೂಸನ್ನು ಬಿಟ್ಟು ವಾಪಸ್ಸು ಓಡಿ ಬರಬೇಕಾಗುತ್ತದೆ ಎಂದು ಬಹಳ ಹೆದರಿದೆ. ಮರುದಿನ ಬೆಳಿಗ್ಗೆ ಹಂಪಕ್ಕ ನೇರ ಹಿತ್ತಲ ಬಾಗಿಲಿಗೆ ಬಂದಳು. ‘ಯಾಕ್ರಿ ರಾಯರ, ಮಾರಿ ಸಣ್ಣದ್ ಮಾಡ್ಕೊಂಡ್ ಕುಂತೀರಿ?’ ಎಂದಳು. ಹೇಳಿದೆ. ‘ಒಂದ್ ತಿಂಗಳ ಕಾಯಿಪಲ್ಲೆ ಮುಟ್ಟಂಗಿಲ್ಲೇನ್ರಿ?’ ಎಂದು ಕೇಳಿ, ಹೌದೆಂದು ಖಾತ್ರಿ ಮಾಡಿಕೊಂಡು, ಮೆಟ್ಟಿಲ ಮೇಲೆ ಕೂತು ನಕ್ಕಳು ನೋಡು, ಕಣ್ಣಲ್ಲಿ ನೀರು ಬರುವ ತನಕ. ‘ದಿನಾ ಆ ಪುಸ್ತಕ ಓದೂರು ನೀವ. ನಮಗ ಒಂದ್ ಮಾತ ಕೇಳಿದ್ರ ಹದಿನೈದ್ ದಿನ ಮದ್ಲ ಹಾಕ್ರಿ ಅಂತಿದ್ವಿ.’ ನಕ್ಕು ಸಾಕಾದ ಮೇಲೆ ಎದ್ದು ಹೋಗಿ ಬಳ್ಳಿ ನೋಡಿದಳು. ‘ನೀವ್ ತಿನ್ನದಿದ್ರ ಅದು ಸುಮ್ನ ಇರ್ತೈತೇನ್ರಿ? ಕಾಯಿ ಬಲಿಯಾಕ ಬಿಟ್ರ ಬಳ್ಳಿ ಹೂ ಬಿಡೂದ ನಿಲ್ಲಸ್ತೈತಿ. ದಿನಾ ಹರೀರಿ, ಮಂದಿಗೆ ಹಂಚ್ರಿ.’ ನೀನೇ ಒಯ್ದು ಮಾರು ಎಂದೆ. ಅವಳು ಒಪ್ಪಲಿಲ್ಲ. ಬೀಜ ಕೊಟ್ಟವಳು ಕಾಯಿ ಮಾರಿಕೊಳ್ಳಬಾರದಂತೆ. ಬೇಕಾದರೆ ತುದಿಯ ಒಂದು ಹೀರೇಕಾಯಿಯನ್ನು ಒಣಗಲು ಬಿಟ್ಟು ಬೀಜ ವಾಪಸ್ಸು ಕೊಡಿ ಎಂದಳು. ಬಿಟ್ಟಿದ್ದೇನೆ, ಅದಕ್ಕೆ ಕೆಂಪು ದಾರ ಕಟ್ಟಿದ್ದೇನೆ.

ಹಂಚುವುದು ಯಾರಿಗೆ? ಪಕ್ಕದ ಮನೆ ಎಂದರೆ ಕೊಟ್ರಬಸಪ್ಪನದು. ಎರಡು ಲಾರಿ ಇಟ್ಟುಕೊಂಡು, ಭಾನುವಾರ ನಮ್ಮ ಮನೆ ಮುಂದೆ ಅವನ್ನು ತೊಳೆದು ಕೆಂಪು ನೀರು ಹರಿಸುವವನು. ಅವನ ಮೇಲೆ ನಾನು ನಗರಸಭೆಗೆ ಎರಡು ಅರ್ಜಿ ಬರೆದಿದ್ದೇನೆ, ಒಂದು ಇಂಗ್ಲಿಷಿನಲ್ಲಿ. ಎರಡು ವರ್ಷ ಮಾತಿಲ್ಲ. ಆದರೂ ಬೇರೆ ದಾರಿಯಿರಲಿಲ್ಲ. ತಟ್ಟೆಯಲ್ಲಿ ಏಳು ಬೆಂಡೆಕಾಯಿ, ಒಂದು ಹೀರೇಕಾಯಿ ಇಟ್ಟುಕೊಂಡು ಹೋಗಿ ಬಾಗಿಲು ಬಡಿದೆ. ಅವನ ಹೆಂಡತಿ ನಿಂಗಕ್ಕ ಬಾಗಿಲು ತೆಗೆದವಳೇ ನನ್ನ ಮುಖ ನೋಡಿ ಗಾಬರಿಯಾಗಿ, ‘ತೆಗಸ್ತೇವ್ರಿ ರಾಯರ, ಲಾರಿ ಈಗ ತೆಗಸ್ತೇವ್ರಿ’ ಎಂದಳು. ನನಗೆ ಅದನ್ನು ಕೇಳಿ ಹೇಗಾಗಿರಬೇಡ. ಲಾರಿಗೆ ಬಂದಿಲ್ಲ, ಬೆಂಡಿಕಾಯಿ ಕೊಡಾಕ ಬಂದೀನಿ ಎಂದೆ. ಅವಳು ತಟ್ಟೆ ನೋಡಿದಳು, ನನ್ನನ್ನು ನೋಡಿದಳು, ಒಳಗೆ ತಿರುಗಿ ‘ಏನ್ರಿ, ಇಲ್ಲಿ ಬರ್ರಿ ಜಲ್ದಿ’ ಎಂದು ಗಂಡನನ್ನು ಕರೆದಳು. ಅವನೂ ಬಂದು ತಟ್ಟೆ ನೋಡಿದ. ಏಳು ಬೆಂಡೆಕಾಯಿಯಲ್ಲಿ ಆ ಮನೆಯ ಆರು ಜನಕ್ಕೆ ಏನು ಪಲ್ಯವಾಯಿತೋ ದೇವರಿಗೇ ಗೊತ್ತು. ಮರುದಿನ ಬೆಳಿಗ್ಗೆ ಕೊಟ್ರಬಸಪ್ಪ ಹಗ್ಗ, ಬಿದಿರು ತಂದು ಹೀರೇಬಳ್ಳಿಗೆ ಚಪ್ಪರ ಹಾಕಿದ. ಆಮೇಲೆ ಹೇಳದೆ ಕೇಳದೆ ಲಾರಿಯ ಹಳೆಯ ತಾಡಪಾಲನ್ನು ರಸ್ತೆಯ ಕಡೆ ಗೋಡೆಗೆ ಎತ್ತರವಾಗಿ ಕಟ್ಟಿ, ‘ಇನ್ನ ಧೂಳ ಅರ್ಧ ಕಮ್ಮಿ ರಾಯರ. ಅದಿರ ಮುಚ್ಚೂ ತಾಡಪಾಲು ಕಾಯಿಪಲ್ಲೆ ಮುಚ್ಚಲಿ’ ಎಂದ. ಈಗ ಲಾರಿ ತೊಳೆಯುವುದು ಆಚೆಯ ಮೈದಾನದಲ್ಲಿ. ನಾನು ಹೇಳಿದ್ದಲ್ಲ, ಅವನೇ ಒಯ್ದದ್ದು. ಅರ್ಜಿಗಳಿಗೆ ನಗರಸಭೆಯಿಂದ ಇನ್ನೂ ಉತ್ತರ ಬಂದಿಲ್ಲ.

ಹೀಗೆ ಒಂದು ತಿಂಗಳು ದಿನ ಬಿಟ್ಟು ದಿನ ಒಂದೊಂದು ಮನೆ. ನಾನು ಉಣ್ಣುವುದು ಹೆಸರುಬೇಳೆ, ಮೆಣಸು, ಜೀರಿಗೆ, ಮಾವಿನಕಾಯಿ ಪುಡಿ. ಹಂಚುವುದು ಚವಳಿಕಾಯಿ, ಹೀರೇಕಾಯಿ. ಡಬ್ಬಿ ಕೊಡುವವರು ಚಾತುರ್ಮಾಸ್ಯಕ್ಕೆ ಮಂತ್ರಾಲಯ ಸೇರಿದ್ದರಿಂದ ಅಡಿಗೆಯೂ ನನ್ನದೇ. ಮೊದಲ ದಿನ ಬೇಳೆ ತಳ ಹತ್ತಿ, ಪಾತ್ರೆಯನ್ನು ಎರಡು ದಿನ ನೆನೆಹಾಕಿದೆ. ನಿನ್ನ ತೌಲಿ ಅದು, ಈಗ ಹೊಳೆಯುತ್ತಿದೆ, ಬೈಯಬೇಡ. ಹತ್ತನೆಯ ದಿನಕ್ಕೆ ಅನ್ನ ಬಿಡಿಬಿಡಿಯಾಗಿ ಬಂತು. ತರಕಾರಿಯಿಲ್ಲದ ಅಡಿಗೆಯಲ್ಲಿ ತಪ್ಪು ಮುಚ್ಚಿಡಲು ಏನೂ ಇರುವುದಿಲ್ಲ, ಆದ್ದರಿಂದ ಕಲಿಯಲು ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಈಗ ಓಣಿಯಲ್ಲಿ ನನ್ನನ್ನು ‘ಹೀರೇಕಾಯಿ ರಾಯರು’ ಎನ್ನುತ್ತಾರಂತೆ. ಅರ್ಚಿತಾ, ಇದನ್ನು ಅಳಿಯಂದಿರ ಮುಂದೆ ಓದಬೇಡ.

ಈ ಹಂಚುವ ನೆಪದಲ್ಲಿಯೇ ನಿಂಗಕ್ಕ ಒಂದು ದಿನ ಕೇಳಿದಳು. ‘ಅಮ್ಮಾರ ಕಣ್ಣ ಹೆಂಗದಾವ್ರಿ? ಊರಿಗೆ ಹೋಗೂ ಮುಂದ ಬಾಗಲದಾಗ ನಿಂತು ಮಾತಾಡ್ಸಿದೆ, ಯಾರವಾ ನೀನು ಅಂದ್ರು. ದನಿ ಕೇಳಿ ಗುರ್ತ ಹಿಡದ್ರು.’ ತಟ್ಟೆ ಅಲ್ಲೇ ಇಟ್ಟು ಮನೆಗೆ ಬಂದೆ. ಅವತ್ತೇ ನಿನಗೆ ಗೊತ್ತಾಗದಂತೆ ಅಳಿಯಂದಿರ ಆಫೀಸಿಗೆ ಫೋನು ಮಾಡಿ, ಅಲ್ಲಿಗೆ ಅರ್ಚಿತಾಳನ್ನು ಕರೆಸಿ ಕೇಳಿದೆ. ಅವಳು ಮೊದಲು ಏನೂ ಇಲ್ಲ ಎಂದಳು, ಆಮೇಲೆ ಅತ್ತಳು. ಕೂಸನ್ನು ಬಿಸಿಲಿಗೆ ಹಿಡಿದು, ಮುಖವನ್ನು ಮುಖಕ್ಕೆ ತಾಗಿಸುವಷ್ಟು ಹತ್ತಿರ ತಂದು ನೋಡುತ್ತೀಯಂತೆ. ಮೂಗು ಬೆರಳಿನಿಂದ ಸವರಿ ನೋಡುತ್ತೀಯಂತೆ. ಮೂಗು ಯಾರದೆಂದು ನಾನು ಪ್ರತಿ ಸಲ ಫೋನಿನಲ್ಲಿ ಕೇಳುತ್ತಿದ್ದೆನಲ್ಲ, ನೀನು ಹಾರಿಸುತ್ತಿದ್ದೆಯಲ್ಲ, ಅದನ್ನು ನೆನೆದು ಆ ದಿನವೆಲ್ಲ ನನಗೆ ಹಿತ್ತಲಿನ ಕೆಲಸವೂ ಆಗಲಿಲ್ಲ.

ನೀರಜಾ, ಇದನ್ನು ಅರ್ಚಿತಾಳೂ ಕೇಳಲಿ, ಪರವಾಗಿಲ್ಲ. ಕಣ್ಣಿನ ಪೊರೆ ತೆಗೆಸಬೇಕೆಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ತೆಗೆಸಿದರೆ ಒಂದು ತಿಂಗಳು ಒಲೆಯ ಹತ್ತಿರ ಹೋಗಬಾರದು ಎಂದಿದ್ದರು. ಯಾರು ಬೇಯಿಸಿ ಹಾಕುತ್ತಾರೆ ನಿಮಗೆ ಎಂದು ನೀನು ಮುಂದೂಡಿದೆ. ಆದರೆ ಅದಕ್ಕಿಂತ ಮೊದಲು ಮುಂದೂಡಿಸಿದವನು ನಾನು. ಡಾಕ್ಟರು ಮೂರು ಸಲ ದಿನ ಕೊಟ್ಟರು. ಒಂದಕ್ಕೆ ಧನುರ್ಮಾಸ ಎಂದೆ, ಇನ್ನೊಂದಕ್ಕೆ ನಿನ್ನ ನಕ್ಷತ್ರಕ್ಕೆ ತಾರಾಬಲ ಇಲ್ಲವೆಂದೆ, ಮೂರನೆಯದಕ್ಕೆ ಪಿತೃಪಕ್ಷ ಎಂದೆ. ಪಂಚಾಂಗದಲ್ಲಿ ಅದೆಲ್ಲ ಇದ್ದದ್ದು ನಿಜ. ಆದರೆ ನಾನು ಅದನ್ನು ಹುಡುಕಿದ್ದು ಹೆದರಿ. ನೀನು ಒಂದು ತಿಂಗಳು ಮಲಗಿದರೆ ನನ್ನನ್ನು ಆ ಕುರ್ಚಿಯಿಂದ ಯಾರು ಎಬ್ಬಿಸುತ್ತಾರೆ ಎಂದು ಹೆದರಿ. ನಿನಗೆ ಇದು ಗೊತ್ತಿತ್ತು ಎಂದು ನನಗೆ ಅನುಮಾನ. ಗೊತ್ತಿದ್ದೂ ಒಂದು ದಿನ ಎತ್ತಿ ಆಡಲಿಲ್ಲ. ನನ್ನದು ದೊಡ್ಡ ತಪ್ಪಾಯಿತು.

ನಿನ್ನೆ ದ್ವಾದಶಿ. ವ್ರತ ಮುಗಿಯಿತು. ಬೆಳಿಗ್ಗೆ ಹಿತ್ತಲಿಗೆ ಹೋಗಿ ನನಗೋಸ್ಕರ ಕಾಯಿ ಹರಿದೆ, ಮೊದಲನೆಯ ಸಲ. ಹೀರೇಕಾಯಿ ಹೆಸರುಬೇಳೆ ಪಲ್ಯ, ಬೆಂಡೆಕಾಯಿ ಗೊಜ್ಜು, ಹೀರೇಸಿಪ್ಪೆಯ ಚಟ್ನಿ. ಚಟ್ನಿಗೆ ಉಪ್ಪು ಜಾಸ್ತಿಯಾಗಿತ್ತು. ದೇವರಿಗೆ ನೈವೇದ್ಯ ಮಾಡಿ, ತಟ್ಟೆ ಇಟ್ಟುಕೊಂಡು ಕೂತು ಮೊದಲ ತುತ್ತು ಬಾಯಿಗಿಟ್ಟಾಗ ಅಳು ಬಂತು. ಹಳೆಯ ಅಳು ಅಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಇದು ಬಂದು ಹೋದ ಮೇಲೆ ಹಸಿವು ಜಾಸ್ತಿಯಾಯಿತು. ಎರಡನೆಯ ಸಲ ಪಲ್ಯ ಹಾಕಿಸಿಕೊಂಡೆ, ಹಾಕುವವನೂ ನಾನೇ. ಈ ತಿಂಗಳು ಮೊಸರು ಬಿಡುವ ವ್ರತ, ಆದ್ದರಿಂದ ಊಟ ಸಾರನ್ನಕ್ಕೇ ಮುಗಿಯಿತು. ಆದರೂ ಇಂಥ ಊಟ ನಾನು ಬಹಳ ವರ್ಷದಿಂದ ಮಾಡಿರಲಿಲ್ಲ. ಪಡಸಾಲೆಯ ಕುರ್ಚಿಯನ್ನು ತಿರುಗಿಸಿ ಹಿತ್ತಲ ಕಡೆ ಮುಖ ಮಾಡಿ ಇಟ್ಟಿದ್ದೇನೆ. ಕೂತರೆ ಹೀರೇಹೂವು ಕಾಣುತ್ತವೆ.

ಅಳಿಯಂದಿರಿಗೆ, ಬೀಗರಿಗೆ ನನ್ನ ನಮಸ್ಕಾರ ತಿಳಿಸು. ಅರ್ಚಿತಾಳಿಗೆ ಆಶೀರ್ವಾದ, ಇಷ್ಟುದ್ದ ಓದಿದ್ದಕ್ಕೆ ಅವಳಿಗೊಂದು ಲೋಟ ಹಾಲು ಕೊಡು. ಕೂಸಿನ ಅಂಗಾಲಿಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ಮಂತ್ರಾಲಯದ ರಾಯರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ. ನಿಂಗಕ್ಕ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ, ಹಂಪಕ್ಕನೂ. ಕೊಟ್ರಬಸಪ್ಪ ಸ್ಟೇಶನ್ ಕಡೆ ಹೊರಟಿದ್ದಾನೆ, ಪತ್ರ ಅವನ ಕೈಯಲ್ಲಿ ಕೊಟ್ಟರೆ ಇವತ್ತಿನ ಟಪ್ಪಾಲಿಗೆ ಸೇರುತ್ತದೆ. ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿದ್ದಾನೆ.

ನಿನ್ನ
ವೆಂಕೋಬ

ತಾ.ಕ.: ಅರ್ಚಿತಾ, ಇಲ್ಲಿಗೆ ನಿಲ್ಲಿಸು. ಕಾಗದ ಅಮ್ಮನಿಗೆ ಕೊಡು.

ನೀರಜಾ, ಒಂದೊಂದೇ ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ, ನಿಧಾನವಾಗಿ ಓದು. ಈ ತಿಂಗಳು ಇಪ್ಪತ್ತೊಂದಕ್ಕೆ ನಿನ್ನ ಬಲಗಣ್ಣಿನ ಆಪರೇಶನ್. ಅಳಿಯಂದಿರು ಡಾಕ್ಟರ ಹತ್ತಿರ ಗೊತ್ತುಮಾಡಿದ್ದಾರೆ. ರಾಯರ ಆರಾಧನೆ ಮುಗಿಸಿ ಹದಿಮೂರರ ರೈಲಿಗೆ ಬರುತ್ತೇನೆ. ಒಂದು ತಿಂಗಳು ಅಡಿಗೆ ನನ್ನದು. ಗಿಡಕ್ಕೆ ಹಂಪಕ್ಕ ನೀರು ಹಾಕುತ್ತಾಳೆ. ಅವತ್ತಿನ ದಿನ ಹೇಗಿದೆ ಎಂದು ಕೇಳಬೇಡ, ಪಂಚಾಂಗ ನೋಡಿಲ್ಲ. ಪಟ್ಟಿ ಬಿಚ್ಚಿದಾಗ ನನ್ನ ಕಡೆ ತಿರುಗಬೇಡ, ನಾನು ಚೆನ್ನಾಗಿದ್ದೇನೆ. ಮೊದಲು ಕೂಸನ್ನು ನೋಡು. ನೋಡಿ, ಮೂಗು ಯಾರದೆಂದು ಹೇಳು.